ತುರ್ತು ಕಾಲುವೆಯ ದಡದಲ್ಲಿ

ಹಂಪೆಗೆ ಹೋಗಿ ಬಂದವರು ವಿರೂಪಾಕ್ಷನ ಗೋಪುರವನ್ನೂ ಕಲ್ಲಿನ ರಥವನ್ನೂ ವರ್ಣಿಸುವರು. ಹಾಳಾದ ಅರಮನೆಗಳನ್ನು ನೆನೆದು ನಿಟ್ಟುಸಿರುಬಿಡುವರು. ನಾವೂ ಅವನ್ನೇ ನೋಡಲೆಂದು ಹೊರಟವರು. ಆದರೆ ಆ ಹಾಳೂರಿನ ನಡುವೆ ಹಾಳಾಗದೆ ಉಳಿದ ವಸ್ತುವೊಂದುಂಟು. ಅದರ ಕಡೆಗೆ ನಮ್ಮ ಕಣ್ಣನ್ನು ತಿರುಗಿಸಿದುದು ಹತ್ತು ವರ್ಷದ ನಮ್ಮ ಮಗಳ ಪ್ರಶ್ನೆ.

ಬೆಳಗ್ಗೆ ತುಂಗಭದ್ರೆಯಲ್ಲಿ ಮಿಂದು, ಹೇಮಕೂಟವನ್ನು ದಾಟಿ, ಬಡವಿಲಿಂಗದ ಗುಡಿಗೆ ಬಂದೆವು. ಸುಮಾರು 3 ಮೀಟರ್ ಎತ್ತರದ ಆ ಏಕಶಿಲೆಯ ಲಿಂಗದ ಪೀಠವು ಕಾಲುವೆಯ ನೀರಿನಲ್ಲಿಯೇ ನಿಂತಿರುವುದು. ಗುಡಿಯಿಂದಾಚೆಗೆ ಬಂಡೆಗಳ ಮಧ್ಯೆ ಬಾಳೆಯ ತೋಟಗಳು ಹಸುರಾಗಿ ಹಬ್ಬಿದ್ದುವು.

“ಅಪ್ಪಾ, ಹೊಳೆ ಅಷ್ಟು ಕೆಳಗೆ ಹರಿಯುತ್ತದೆಯಲ್ಲ, ನೀರು ಇಷ್ಟು ಮೇಲಕ್ಕೆ ಹತ್ತಿದುದು ಹೇಗೆ?” ಎಂದಳು ಮಗು.

ನೀರು ಹತ್ತಲಿಲ್ಲ; ಹೊಳೆಯಷ್ಟು ಬೇಗನೆ ಇಳಿಯಲಿಲ್ಲ, ಅಷ್ಟೆ. ಹೊಳೆಯ ಮೇಲುಗಡೆಯಲ್ಲಿ ಬಂಡೆಗಳ ನಡುವೆ ದೊಡ್ಡ ಕಲ್ಲುಗಳನ್ನು ಜೋಡಿಸಿ ತಗ್ಗಾದ ಅಣೆಯನ್ನು ಕಟ್ಟುವರು. ಅದು ಪ್ರವಾಹವನ್ನು ತಡೆಯುವುದಿಲ್ಲ. ನೀರನ್ನು ಕೊಂಚ ಎತ್ತರಿಸಿ ಕಾಲುವೆಯ ಬಾಯಿಗೆ ತಿರುಗಿಸುವುದು. ಹೊಳೆಯು ಕಲ್ಲಿನಿಂದ ಕಲ್ಲಿಗೆ ಧುಮುಕುತ್ತ ತಗ್ಗಿಗೆ ಓಡಿದರೆ, ಕಾಲುವೆಯು ಗುಡ್ಡದ ಮಗ್ಗುಲನ್ನು ಬಳಸಿಕೊಂಡು ಅತ್ಯಲ್ಪವಾದ ಇಳಿಜಾರಿನಲ್ಲಿ ಮೆಲ್ಲಗೆ ನಡೆಯುವುದು. ಮುಂದೆ ಹೋದಂತೆಲ್ಲ ಎರಡಕ್ಕೂ ಅಂತರ ಹೆಚ್ಚುವುದು. ಕಾಲುವೆಯ ಕೆಳಗಿನ ನೆಲವೆಲ್ಲ ನೀರಾವರಿಗೆ ಒದಗುವುದು. ವಿಜಯನಗರದ ಜನರು ಇದನ್ನು ಚೆನ್ನಾಗಿ ಅರಿತಿದ್ದರು. 1565ರಲ್ಲಿ ಅವರ ರಾಜಧಾನಿ ಹಾಳಾಯಿತು. ಕಾಲುವೆ ಮಾತ್ರ ಇಂದಿಗೂ ಹರಿಯುತ್ತಿದೆ. 1953ರಲ್ಲಿ ಮೇಲುಗಡೆ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ, ಅಲ್ಲಿಂದ ಬಿಡುವ ನೀರೇ ಅದಕ್ಕೆ ಆಧಾರ.

ತೋಟದ ಬದುವಿನ ಮೇಲೆ ಮುದುಕನೊಬ್ಬನು ಸಲಿಕೆ ಹಿಡಿದು ನಿಂತಿದ್ದನು. ನಮ್ಮ ಮಾತನ್ನು ಕೇಳಿ ನಕ್ಕು, “ಇಲ್ಲಿಗೆ ಬಂದೋರೆಲ್ಲ ಕಲ್ಲು ನೋಡ್ತಾರ್ರಿ, ನೀರು ನೋಡೋರು ಕಡಿಮಿ” ಎಂದನು. ಮಗುವನ್ನು ಹತ್ತಿರಕ್ಕೆ ಕರೆದು ತನ್ನ ವಿದ್ಯೆಯನ್ನೆಲ್ಲ ತೋರಿಸಿದನು. ಬತ್ತದ ಮಡಿಯಲ್ಲಿ ನೀರು ನಿಲ್ಲಬೇಕು. ಬಾಳೆಯ ಬುಡದಲ್ಲಿ ನಿಂತರೆ ಬೇರು ಕೊಳೆಯುವುದು. ಮಣ್ಣಿಗೂ ಉಸಿರಾಡಲು ಗಾಳಿ ಬೇಕು. ಆದುದರಿಂದ ನೀರು ಬರುವ ದಾರಿ ಎಷ್ಟು ಮುಖ್ಯವೋ, ಹೆಚ್ಚಾದುದು ಬಸಿದುಹೋಗುವ ದಾರಿಯೂ ಅಷ್ಟೇ ಮುಖ್ಯ. ಇದನ್ನು ಮರೆತು ಹೊಲವನ್ನು ಕೆರೆ ಮಾಡಿದಲ್ಲಿ, ನೆಲದೊಳಗಿನ ಉಪ್ಪು ಮೇಲಕ್ಕೇರಿ ಭೂಮಿಯು ಸವಳಾಗುವುದು. ತುಂಗಭದ್ರೆಯ ಹೊಸ ಕಾಲುವೆಗಳ ಬಯಲಿನಲ್ಲಿ ಹೀಗೆ ಕೆಟ್ಟ ನೆಲವು ಬೇಕಾದಷ್ಟಿದೆ. ಅದೇ ಕಾಲುವೆಗಳ ಕೊನೆಯ ಭಾಗದ ರೈತರು ನೀರು ಮುಟ್ಟಲಿಲ್ಲವೆಂದು ಮರುಗುವರು. ಒಂದೆಡೆ ಅಜೀರ್ಣ, ಇನ್ನೊಂದೆಡೆ ಉಪವಾಸ!

ಇಷ್ಟರಲ್ಲಿ ಮುದುಕನು ತಲೆಯೆತ್ತಿ ಬಿಸಿಲನ್ನು ನೋಡಿ, ಸರಸರನೆ ನಾಲ್ಕು ಸಲಿಕೆ ಮಣ್ಣೆಳೆದು ತನ್ನ ತೋಟದ ಬಾಯಿಯನ್ನು ಮುಚ್ಚಿಬಿಟ್ಟನು. ಆತನ ಕಡೆಯ ಸಾಲು ಇನ್ನೂ ನೆನೆದಿರಲಿಲ್ಲ, ಎಲೆಗಳು ಜೋತುಬಿದ್ದಿದ್ದುವು.

“ಆ ಸಾಲು ಒಣಗಿಯೇ ಇದೆಯಲ್ಲ, ಯಜಮಾನರೇ?” ಎಂದು ನನ್ನ ಮನೆಯವರು ಮರುಗಿ ಕೇಳಿದರು.

“ನನ್ನ ಪಾಳಿ ಮುಗೀತ್ರೀ ತಾಯಿ. ಕೆಳಗಿನವ್ರ ಮನ್ಯಾಗೂ ಒಲಿ ಉರೀಬೇಕಲ್ರೀ” ಎಂದು ಆತನು ಸಲಿಕೆಯನ್ನು ಹೆಗಲಿಗೇರಿಸಿದನು.

ತಡೆದ ನೀರು ಒಂದು ಕ್ಷಣ ತುಂಬಿ ನಿಂತು, ಬಳಿಕ ಕೆಳಗಿನ ತೋಟದತ್ತ ಹೊರಳಿತು. ಮಗು ಅದರೊಡನೆ ಬದುವಿನುದ್ದಕ್ಕೂ ಓಡಿದಳು. ಕಾಲುವೆಯನ್ನು ತೋಡಿಸಿದವರು ಅರಸರು, ನಿಜ; ಆದರೆ ವರ್ಷವರ್ಷವೂ ಹೂಳನ್ನೆತ್ತಿ, ತನ್ನ ಪಾಳಿ ಮುಗಿದೊಡನೆ ಬಾಯಿ ಮುಚ್ಚುವ ಕೈಗಳಿಲ್ಲದಿದ್ದರೆ ಅದೂ ಅರಮನೆಗಳ ಜೊತೆಗೇ ಮಣ್ಣುಗೂಡುತ್ತಿತ್ತು. ಹಂಪೆಗೆ ಹೋಗುವ ವಾಚಕರು ಗುಡಿಗೋಪುರಗಳನ್ನು ಕಣ್ತುಂಬ ನೋಡಲಿ. ಒಂದು ಗಳಿಗೆ ಈ ಕಾಲುವೆಯ ದಡದಲ್ಲಿಯೂ ನಿಲ್ಲಲಿ.