ಮತ್ತೆ ಕೂಡುಕುಟುಂಬ

ಸ್ವಂತದ್ದೊಂದು ಮನೆಯಿರಬೇಕು, ಅದರಲ್ಲಿ ಯಾರ ಹಂಗೂ ಇರಬಾರದು ಎಂಬುದು ಮನುಷ್ಯನ ಬಹು ಹಳೆಯ ಆಸೆ. ಈ ಆಸೆಯಿಂದಲೇ ಉಡುಪಿಯ ಮಗ್ಗುಲಿನ ಅಂಬಲಪಾಡಿಯಲ್ಲಿ ಅನೇಕರು ವಸತಿ ಸಮುಚ್ಚಯಗಳಲ್ಲಿ ಮನೆ ಕೊಂಡಿದ್ದಾರೆ. ಜನಾರ್ದನ ಮಹಾಕಾಳಿಯರ ಸನ್ನಿಧಿ ಹತ್ತಿರ. ಪಡುವಣಕ್ಕೆ ಹೊರಟರೆ ಕಡಲೂ ದೂರವಿಲ್ಲ. ಇನ್ನೇನು ಬೇಕು? ಆದರೆ ಗೃಹಪ್ರವೇಶದ ಪಾಯಸದ ಸಿಹಿ ನಾಲಗೆಯಿಂದ ಮಾಸುವ ಮುನ್ನವೇ ಸಂಘದ ಚೀಟಿ ಬಾಗಿಲಿಗೆ ಬರುತ್ತದೆ: ತಿಂಗಳ ನಿರ್ವಹಣಾ ಶುಲ್ಕ ಇಷ್ಟು.

ಅಲ್ಲಿಂದ ತರ್ಕಶಾಸ್ತ್ರದ ಆರಂಭ. ನೆಲ ಅಂತಸ್ತಿನವರು, "ನಾವು ಲಿಫ್ಟ್ ಹತ್ತುವವರಲ್ಲ, ಅದರ ಖರ್ಚು ನಮಗೇಕೆ?" ಎನ್ನುತ್ತಾರೆ. ಈಜುಕೊಳವನ್ನು ಮೆಚ್ಚಿ ಮನೆ ಕೊಂಡವರೇ, ಅದರಲ್ಲಿ ಒಮ್ಮೆಯೂ ಇಳಿಯಲಿಲ್ಲವೆಂದು ರಿಯಾಯಿತಿ ಕೇಳುತ್ತಾರೆ. ದುಬಾಯಿಯಲ್ಲಿರುವವರ ವಾದ ಎಲ್ಲಕ್ಕಿಂತ ಗಟ್ಟಿ: ಬೀಗ ಹಾಕಿದ ಮನೆಗೆ ಎಂತಹ ನಿರ್ವಹಣೆ?

ಉತ್ತರವನ್ನು ಕಡಲೇ ಕೊಡುತ್ತದೆ. ಉಪ್ಪುಗಾಳಿಗೆ ಬೀಗದ ಮನೆ, ತೆರೆದ ಮನೆ ಎಂಬ ಭೇದವಿಲ್ಲ. ಬಿರುಕಿನಲ್ಲಿ ನುಸುಳಿ ಅದು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಜೂನ್ ತಿಂಗಳ ಮಳೆ ತಾರಸಿಯ ಸಂದುಗಳನ್ನು ಹುಡುಕುವಾಗ ಯಾರ ಬಾಕಿ ಎಷ್ಟೆಂದು ವಿಚಾರಿಸುವುದಿಲ್ಲ. 2019ರ ಬೇಸಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ತಳ ಕಂಡು ಉಡುಪಿ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅಂತಹ ದಿನಗಳಲ್ಲಿ ಟ್ಯಾಂಕರು ತರಿಸಲು ಓಡಾಡಬೇಕಾದದ್ದು ಸಂಘವೇ ತಾನೆ?

ಬಾಕಿ ಬೆಳೆದಾಗ ಮೊದಲು ತಡವಾಗುವುದು ಕಾವಲುಗಾರನ ಸಂಬಳ. ಅನಂತರ ಲಿಫ್ಟಿನ ದುರಸ್ತಿ. ಮಗ ಪರದೇಶದಲ್ಲಿ, ತಾಯಿ ಐದನೆಯ ಅಂತಸ್ತಿನಲ್ಲಿ ಎಂಬ ಸಂಸಾರಗಳು ಈ ಕಡೆ ಅಪರೂಪವಲ್ಲ. ಲಿಫ್ಟ್ ನಿಂತ ದಿನ ಆ ಮುದುಕಿಗೆ ದೇವಸ್ಥಾನವೂ ಇಲ್ಲ, ವೈದ್ಯರೂ ಇಲ್ಲ. ಯಾರೋ ಉಳಿಸಿಕೊಂಡ ಹಣವನ್ನು ಆಕೆಯ ಮೊಣಕಾಲುಗಳು ತೆರಬೇಕಾಗುತ್ತದೆ.

ಕಾನೂನಿನ ಮಾತೂ ಇದೇ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮಕ್ಕೆ ಒಳಪಟ್ಟ ಕಟ್ಟಡದಲ್ಲಿ, ಸೌಕರ್ಯವನ್ನು ಬಳಸುವುದಿಲ್ಲವೆಂದಾಗಲಿ ಮನೆಯನ್ನೇ ತೊರೆದೆನೆಂದಾಗಲಿ ಹೇಳಿ ಯಾರೂ ತಮ್ಮ ಪಾಲಿನ ವೆಚ್ಚದಿಂದ ಜಾರಿಕೊಳ್ಳುವಂತಿಲ್ಲ. ಮೆಟ್ಟಿಲು, ತಾರಸಿಗಳನ್ನು ಪಾಲು ಮಾಡಿಕೊಡಿರೆಂದು ಕೇಳುವಂತೆಯೂ ಇಲ್ಲ.

ತುಳುನಾಡಿನವರಿಗೆ ಇದು ಹೊಸತೇನಲ್ಲ. ಅಳಿಯಸಂತಾನದ ಮನೆತನಗಳಲ್ಲಿ, 1949ರ ಮದರಾಸು ಅಧಿನಿಯಮ ಬರುವ ತನಕ, ಒಬ್ಬಿಬ್ಬರು ಬಯಸಿದರೆಂದು ಆಸ್ತಿ ಪಾಲಾಗುವಂತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡು ಹೊದೆಸುವಾಗ, ಯಾರ ಕೋಣೆ ಸೋರುತ್ತದೆಂದು ಕೇಳದೆ ಮನೆಮಂದಿಯೆಲ್ಲ ಕೈಗೂಡಿಸಬೇಕಾಗಿತ್ತು. ಆ ಕೂಡುಕುಟುಂಬದಿಂದ ಬಿಡಿಸಿಕೊಂಡು ಬಂದವರ ಮೊಮ್ಮಕ್ಕಳು, ಲಕ್ಷಗಟ್ಟಲೆ ಸಾಲ ಮಾಡಿ, ಮತ್ತೆ ಅದೇ ಅವಿಭಕ್ತ ಮಾಡಿನ ಕೆಳಗೆ ಬಂದು ಸೇರಿದ್ದಾರೆ!

ಆದರೆ ಒಂದು ವ್ಯತ್ಯಾಸವುಂಟು. ಹಿಂದೆ ಲೆಕ್ಕ ಯಜಮಾನನ ಮನಸ್ಸಿನಲ್ಲಿರುತ್ತಿತ್ತು; ಕೇಳುವ ಧೈರ್ಯ ಕಿರಿಯರಿಗಿರಲಿಲ್ಲ. ಇಂದು ಶುಲ್ಕ ಕೊಡುವವನು ಲೆಕ್ಕ ಕೇಳಬಹುದು, ಕೇಳಲೂಬೇಕು. ಲೆಕ್ಕ ತೋರಿಸಲು ಹಿಂಜರಿಯುವ ಸಂಘವೂ, ಕೊಡದೆ ಲೆಕ್ಕ ಕೇಳುವ ಸದಸ್ಯನೂ ಒಂದೇ ತಾರಸಿಗೆ ಬಿರುಕು ಬಿಡಿಸುವವರು. ಹಣವನ್ನೂ ಲೆಕ್ಕವನ್ನೂ ಮೇ ತಿಂಗಳೊಳಗೆ ಮೇಜಿನ ಮೇಲಿಟ್ಟುಬಿಟ್ಟರೆ, ಜೂನಿನಲ್ಲಿ ಬಕೆಟ್ಟುಗಳನ್ನು ಹುಡುಕುವ ಪ್ರಮೇಯ ಬಾರದು.