ಜಿಗಣಿಯ ದಾರಿಯಲ್ಲಿ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಆಸ್ಪತ್ರೆಯು 1973ರಲ್ಲಿ ಆರಂಭವಾಯಿತು. ನಾಡಿನ ಮೂಲೆಮೂಲೆಗಳಿಂದ ಕುಟುಂಬಗಳು ಬುತ್ತಿಗಂಟು, ಹಾಸಿಗೆಗಳೊಡನೆ ಇಲ್ಲಿಗೆ ಬರುತ್ತವೆ. ಎದೆಯ ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿದ್ದ ನಮ್ಮ ಅತ್ತಿಗೆಯವರೊಡನೆ ನಾವೂ ಬಂದಿದ್ದೆವು. ಎರಡು ಸರದಿ ಮುಗಿಯುವಷ್ಟರಲ್ಲಿ ಅವರಿಗೆ ಅನ್ನದ ವಾಸನೆಯೇ ಬೇಡವಾಯಿತು. ಔಷಧಿ ಮೈ ಸೇರುವ ಮುನ್ನವೇ, ಆಸ್ಪತ್ರೆಯ ಗೇಟು ಕಂಡೊಡನೆ ವಾಕರಿಕೆ ಬರುತ್ತಿದ್ದಿತು. "ಸಾಕು, ಇನ್ನು ಊರಿಗೆ ಹೋಗೋಣ" ಎಂದರು. ಚಿಕಿತ್ಸೆ ಅರ್ಧಕ್ಕೆ ನಿಂತರೆ ಏನಾದೀತೆಂಬ ಅಳುಕು ನಮ್ಮೆಲ್ಲರದು.

ವೈದ್ಯರು ಸಮಾಧಾನದಿಂದ ವಿವರಿಸಿದರು. ಔಷಧಿಯಿಂದ ಕರುಳಿನಲ್ಲಿ ಸೆರೊಟೊನಿನ್ ಹೊರಬಿದ್ದು ಮಿದುಳಿಗೆ ವಾಂತಿಯ ಸೂಚನೆ ಹೋಗುತ್ತದೆ. ಅದನ್ನು ತಡೆಯಲು ಒಂಡಾನ್ಸೆಟ್ರಾನ್‌ನಂತಹ ಗುಳಿಗೆಗಳಿವೆ. ಗೇಟಿನ ಬಳಿಯ ವಾಕರಿಕೆಯಾದರೋ ಹಿಂದಿನ ಕಷ್ಟದಿಂದ ದೇಹ ಕಲಿತ ಪಾಠ. ಅದಕ್ಕೆ ಗುಳಿಗೆ ಅಷ್ಟಾಗಿ ಒದಗದು; ಮನಸ್ಸನ್ನು ಸಡಿಲಿಸಬೇಕು.

ಅವರ ಒಪ್ಪಿಗೆ ಪಡೆದು ನಾವು ಜಿಗಣಿಯ ಬಳಿಯ ಪ್ರಶಾಂತಿ ಕುಟೀರಕ್ಕೆ ಹೊರಟೆವು. ನಗರದಿಂದ ಸುಮಾರು 30 ಕಿಲೋಮೀಟರು. ಆಚಾರ್ಯ ಎಚ್.ಆರ್. ನಾಗೇಂದ್ರ ಅವರು ಕಟ್ಟಿದ ಯೋಗ ಸಂಸ್ಥೆಯಿದು. ಈ ಸಂಸ್ಥೆಯ ಸಂಶೋಧಕರು ಎದೆಯ ಕ್ಯಾನ್ಸರಿನ 62 ರೋಗಿಗಳ ಮೇಲೆ ನಡೆಸಿದ ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ವಾಕರಿಕೆಯ ತೀವ್ರತೆಯೂ, ಚಿಕಿತ್ಸೆಗೆ ಮುನ್ನವೇ ಕಾಡುವ ವಾಂತಿಯೂ ಕಡಿಮೆಯಾಗಿದ್ದವು.

ಅಲ್ಲಿನ ಪದ್ಧತಿ ಸರಳವಾದುದು. ಶವಾಸನದಲ್ಲಿ ಮಲಗಿ, ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಸಡಿಲಬಿಡುವುದು. ಅಕಾರ, ಉಕಾರ, ಮಕಾರಗಳನ್ನು ಮೆಲ್ಲನೆ ಉಚ್ಚರಿಸುವುದು. ಉಸಿರನ್ನು ಬಿಗಿಹಿಡಿಯದೆ ನಿಧಾನವಾಗಿ ಬಿಡುವುದು. ನಿತ್ಯ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನಿಲ್ಲಿಸುವ ನಮ್ಮವರಿಗೆ ಈ ಏಕಾಗ್ರತೆ ಹೊಸದೇನಲ್ಲ. ಅತ್ತಿಗೆಯವರು ಪೂಜೆಯ ಬಳಿಕ ಇದನ್ನು ರೂಢಿಸಿಕೊಂಡರು. ವಾಕರಿಕೆ ಪೂರ್ಣ ನಿಲ್ಲಲಿಲ್ಲ. ಆದರೆ ಮುಂದಿನ ಸರದಿಗೆ ಗೇಟು ದಾಟಿ ತಾವೇ ನಡೆದು ಹೋದರು. ಸಂಜೆ ಎರಡು ಬಟ್ಟಲು ಗಂಜಿ ಕುಡಿದರು. ಎಲ್ಲ ಸರದಿಗಳೂ ಮುಗಿದವು.

ಶರಣ ಬಂಧುಗಳು ಒಂದು ಮಾತನ್ನು ಮರೆಯಬಾರದು. ಯೋಗವು ಔಷಧಿಯ ಜೊತೆಗಾರನೇ ಹೊರತು ಔಷಧಿಗೆ ಬದಲಲ್ಲ. ರೋಗವು ಎಲುಬಿಗೆ ಹರಡಿದ್ದರೆ, ಶಸ್ತ್ರಚಿಕಿತ್ಸೆಯ ಗಾಯ ಮಾಗದಿದ್ದರೆ ಬಾಗುವ ಆಸನಗಳು ಬೇಡ. ಕಿಮೊಥೆರಪಿಯ ದಿನಗಳಲ್ಲಿ ಜ್ವರ ಬಂದರೆ, ಕುಡಿದ ನೀರೂ ನಿಲ್ಲದಿದ್ದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯವರೂ ರೋಗಿಯೊಡನೆ ಕುಳಿತು ಹತ್ತು ನಿಮಿಷ ಉಸಿರನ್ನು ಗಮನಿಸಿದರೆ, ಅದೂ ಒಂದು ದಾಸೋಹವೇ.