ಯಾವ ಭಾಷೆಯಲ್ಲಿ ಮಾತಾಡಿಸೋಣ?

ಆಟಿಸಂ ಎಂಬುದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂಬ ಪದ ಬಳಕೆಯಲ್ಲಿದೆ. ತನ್ನಲ್ಲೇ ಲೀನವಾಗಿರುವುದು ಎಂದರ್ಥ. ಪದ ಕಿವಿಗೆ ಹಿತವಾಗಿದೆ, ಆದರೆ ಹನ್ನೆರಡು ವರ್ಷದ ಮಗನನ್ನು ದಿನವೂ ನೋಡುತ್ತಿರುವ ನಮಗೆ ಅದು ಅಷ್ಟಾಗಿ ಒಗ್ಗದು. ಹೊರಗಿನ ಲೋಕ ಅವನಿಗೆ ಕೇಳಿಸದೆ ಇಲ್ಲ, ನಮಗಿಂತ ಹೆಚ್ಚಾಗಿಯೇ ಕೇಳಿಸುತ್ತದೆ. ಕುಕ್ಕರಿನ ಸೀಟಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ. ಗಣೇಶೋತ್ಸವದ ಢೋಲು-ತಾಶೆ ಬೀದಿಗೆ ಬರುವ ಮೊದಲೇ ನಾವು ಒಳಕೋಣೆ ಸೇರಿರುತ್ತೇವೆ.

ಘಾಟ್ಕೋಪರಿನಿಂದ ದಾದರಿಗೆ ನಮ್ಮದು ಸ್ಲೋ ಗಾಡಿಯೇ. ವಿದ್ಯಾವಿಹಾರ, ಕುರ್ಲಾ, ಸಾಯನ್, ಮಾಟುಂಗಾ ಎಂದು ಒಂದೊಂದನ್ನೂ ಅವನು ಗಾಡಿಗಿಂತ ಮೊದಲೇ ಅಪ್ಪಟ ಮರಾಠಿಯಲ್ಲಿ ಸಾರುತ್ತಾನೆ. ಒಂದು ಮಳೆಗಾಲದಲ್ಲಿ ಸ್ಲೋ ಗಾಡಿಗಳು ರದ್ದಾಗಿ ಫಾಸ್ಟ್ ಹತ್ತಬೇಕಾಯಿತು. ವಿದ್ಯಾವಿಹಾರದಲ್ಲಿ ನಿಲ್ಲದೆ ಗಾಡಿ ಓಡಿದ್ದೇ ತಡ, ಹುಡುಗ ಚೀರುತ್ತ ತಲೆ ಬಡಿದುಕೊಳ್ಳತೊಡಗಿದ. ಎರಡೇಟು ಬಿಗಿದರೆ ಸರಿಹೋಗುತ್ತಾನೆಂದು ಹಿರಿಯರೊಬ್ಬರು ಸಲಹೆಯಿತ್ತರು. ಅದು ಹಟವಲ್ಲ ಸ್ವಾಮಿ! ಕತ್ತಲೆಯಲ್ಲಿ ಮೆಟ್ಟಿಲಿದೆಯೆಂದು ಕಾಲಿಟ್ಟು, ಮೆಟ್ಟಿಲೇ ಇಲ್ಲದಿದ್ದಾಗ ಎದೆ ಧಸಕ್ಕೆನ್ನುವುದಿಲ್ಲವೆ, ಅಂಥದು.

ನೀರಡಿಸಿದರೆ ಅವನು "ನನಗೆ ನೀರು ಕೊಡು" ಎನ್ನುವುದಿಲ್ಲ, "ನಿನಗೆ ನೀರು ಬೇಕೇನು?" ಎನ್ನುತ್ತಾನೆ. ನಾವು ಕೇಳುವ ಮಾತೇ ನಮ್ಮದೇ ರಾಗದಲ್ಲಿ ಮರಳಿ ಬರುತ್ತದೆ. ಅಮೆರಿಕದಲ್ಲಿದ್ದ ಡಾಕ್ಟರ್ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದಾಗ ಈ ನಾನು-ನೀನುಗಳ ಅದಲುಬದಲನ್ನೂ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಂಬಲವನ್ನೂ ಗುರುತಿಸಿದ್ದರು. ನಮ್ಮ ದೇಶದ 2016ರ ಕಾಯಿದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರಕ್ಕಾಗಿ ಅಲೆದ ಕಥೆ ಇಲ್ಲಿ ಬೇಡ.

ಹೇಳಬೇಕಾದುದು ಬೇರೆ. ಮಗನಿಗೆ ನಾಲ್ಕಾಗಿದ್ದಾಗ ಶಾಲೆಯೊಂದರವರು, ಮೂರು ಭಾಷೆಗಳಿಂದ ಮಗುವಿಗೆ ಗೊಂದಲ, ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷೊಂದನ್ನೇ ಆಡಿ ಎಂದರು. ಧಾರವಾಡದಿಂದ ಬಂದಿದ್ದ ನಮ್ಮ ಅವ್ವ, "ಹಂಗಾರ ನಾ ಬಾಯಿ ಮುಚ್ಚಿಕೊಂಡು ಕೂಡ್ಲೇನು?" ಎಂದಳು. ನಮ್ಮ ಇಂಗ್ಲಿಷೋ, ಕಚೇರಿಯ ಇಂಗ್ಲಿಷು. ಅದರಲ್ಲಿ ರಜೆ ಕೇಳಬಹುದು, ಅಳುವ ಮಗುವನ್ನು ರಮಿಸಲಾಗದು. ನಾವು ಒಪ್ಪಲಿಲ್ಲ. ಎರಡು ಭಾಷೆಗಳ ನಡುವೆ ಬೆಳೆದುದರಿಂದ ಇಂಥ ಮಕ್ಕಳ ಮಾತು ಹಿಂದೆ ಬೀಳುತ್ತದೆಂಬುದಕ್ಕೆ ಈಚಿನ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ಆದರೂ ಹೊರನಾಡಿನ ಕನ್ನಡ ಮನೆಗಳಿಗೆ ಈ ಸಲಹೆ ಇನ್ನೂ ಬರುತ್ತಿರುತ್ತದೆ.

ಈಗ ಭಾನುವಾರ ಭಾನುವಾರ ಅವ್ವನ ಫೋನು. "ಊಟ ಆತೇನು?" ಎನ್ನುತ್ತಾಳೆ. ಮೊಮ್ಮಗನೂ "ಊಟ ಆತೇನು?" ಎನ್ನುತ್ತಾನೆ. "ಆತಪಾ, ರೊಟ್ಟಿ, ಬದನೀಕಾಯಿ ಪಲ್ಯ" ಎಂದು ಅವಳು ವರದಿ ಒಪ್ಪಿಸುತ್ತಾಳೆ.